ಅಪ್‌ಡೇಟ್: ಹೊಸಕೋಟೆ ಕೆರೆಯ ಆ ಪುಟ್ಟ ಹಕ್ಕಿ ಯಾವುದು ಅಂತ ಗೊತ್ತಾಯಿತು

ಜೊಂಡಿನಲ್ಲಿ ಒಂದು ಕ್ಷಣ ಕಂಡು ಮಾಯವಾದ ಕಂದು ಹಕ್ಕಿ ಎಳೆ ಹುಂಡುಕೋಳಿಯೇ ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ. ಕ್ರೇಕ್ (ಜೊಂಡಿನಲ್ಲಿ ಅಡಗಿರುವ, ಹುಂಡುಕೋಳಿ ಬಳಗದ ಪುಟ್ಟ ಹಕ್ಕಿ) ಇರಬೇಕು, ಅದನ್ನು ಬೆನ್ನಟ್ಟಬೇಡಿ, ಬೆಳಗ್ಗೆ ಒಂದೇ ಕಡೆ ಸುಮ್ನೆ ಕೂತು ಕಾಲಿನ ಬಣ್ಣ ನೋಡಿ ಎಂದಿದ್ದಿರಿ. ಹಾಗೇ ಮಾಡಿದೆ.

ಮೂರು ಭಾನುವಾರ ಏನೂ ಕಾಣಲಿಲ್ಲ. ನಾಲ್ಕನೇ ಸಲ, ಬೆಳಗ್ಗೆ ಏಳಕ್ಕೆ, ಜೊಂಡಿನ ಬುಡದಿಂದ ತಾನಾಗಿಯೇ ಹೊರಗೆ ಬಂತು! ಕೆಸರಿನ ಅಂಚಿನಲ್ಲಿ ಹೆಜ್ಜೆಗೊಮ್ಮೆ ಪುಟ್ಟ ಬಾಲ ಕುಣಿಸುತ್ತ, ಏನನ್ನೋ ಕುಕ್ಕುತ್ತ ನಡೆಯಿತು. ಮೈನಾಗಿಂತ ಚಿಕ್ಕದು. ಮುಖ, ಎದೆ ಬೂದು. ಕಂದು ಬೆನ್ನಿನ ಮೇಲೆ ಸುಣ್ಣ ಸಿಡಿದ ಹಾಗೆ ಬಿಳಿ ಗೀರು, ಚುಕ್ಕೆ. ಪಕ್ಕೆಯಲ್ಲಿ ಕಪ್ಪು-ಬಿಳಿ ಪಟ್ಟೆ. ಕಾಲು ಹಸಿರು ಮಿಶ್ರಿತ. ಕೆಂಪೆದೆಯ ಕ್ರೇಕ್ ಆಗಿದ್ದರೆ ಕಾಲು ಕೆಂಪಗಿರುತ್ತಿತ್ತು, ಅಲ್ವಾ? ಹಾಗಾಗಿ ಇದು ಬೈಲನ್ಸ್ ಕ್ರೇಕ್. ನಮ್ಮ ಕಡೆಗೆ ಚಳಿಗಾಲಕ್ಕೆ ಬರುವ ಹಕ್ಕಿ.

ಕ್ಯಾಮೆರಾ ಎತ್ತುವ ಮನಸ್ಸೇ ಆಗಲಿಲ್ಲ, ಬೈನಾಕ್ಯುಲರ್‌ನಲ್ಲೇ ನೋಡುತ್ತ ಕೂತೆ. ಕೊನೆಗೆ ತೆಗೆದ ಒಂದು ಫೋಟೋ ಮಸುಕು, ಆದರೆ ಪಕ್ಕೆಯ ಪಟ್ಟೆ ಕಾಣುತ್ತದೆ. ಹಕ್ಕಿಗಳ ದಾಖಲೆ ಇಡುವ ತಾಣವಾದ ಇ-ಬರ್ಡ್‌ನಲ್ಲಿ ಹಾಕಿದ್ದೇನೆ. ಕಾಲು ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಮುಂದಿನ ಭಾನುವಾರ ಮತ್ತೆ ಅಲ್ಲೇ ಕೂರುತ್ತೇನೆ.