ಮೊಸಾಸಾರ್ ದವಡೆ ಎಂದು ಕೊಟ್ಟ ಕಲ್ಲಿನಿಂದ ಮರಳು ಉದುರುತ್ತಿದೆ. ಜೊತೆಗಿರುವ ಮೂರು ಹಲ್ಲುಗಳು ಯಾವುವು?

ವಿಜ್ಞಾನದ ಮಾಸ್ಟ್ರು, ಬದಿಯಡ್ಕ:

ನಮಸ್ಕಾರ. ಬದಿಯಡ್ಕ ಸಮೀಪದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾರ್ಜಾದಲ್ಲಿ ಕೆಲಸದಲ್ಲಿರುವ ನನ್ನ ಭಾವ ರಜೆಗೆ ಬರುವಾಗ ಮಕ್ಕಳಿಗೆ ತೋರಿಸಲೆಂದು ಮೊರಾಕೊದ ಪಳೆಯುಳಿಕೆ ತಂದುಕೊಟ್ಟಿದ್ದಾರೆ. ಅಂಗೈಯಗಲದ ಹಳದಿ ಮರಳುಗಲ್ಲಿನಂಥ ತುಂಡು. ಅದರಲ್ಲಿ ಎರಡು ಹಲ್ಲು ಎದ್ದು ನಿಂತಿವೆ, ಮೂಲೆಯಲ್ಲಿ ಒಂದು ತ್ರಿಕೋನದ ಹಲ್ಲೂ ಇದೆ. ‘ಮೊಸಾಸಾರಸ್ ದವಡೆ’, ಅಂದರೆ ಅಳಿದುಹೋದ ಕಡಲ ಸರೀಸೃಪದ್ದು ಎಂದು ಅಂಗಡಿಯವರು ಹೇಳಿದರಂತೆ. ಜೊತೆಗೆ ಪೊಟ್ಟಣದಲ್ಲಿ ಮೂರು ಬಿಡಿ ಹಲ್ಲುಗಳು.

ಧೂಳು ಹೋಗಲೆಂದು ಎಲ್ಲವನ್ನೂ ನಲ್ಲಿ ನೀರಿನಲ್ಲಿ ಬ್ರಷ್ ಹಾಕಿ ತೊಳೆದೆ. ಆಟಿಯ ಮಳೆ, ಬಿಸಿಲಿನ ಸುಳಿವಿಲ್ಲ. ಒಲೆಯ ಪಕ್ಕ ಇಟ್ಟು ಒಣಗಿಸಿದೆ. ಮರುದಿನ ನೋಡಿದರೆ ದೊಡ್ಡ ಹಲ್ಲಿನ ಬೇರಿನಲ್ಲಿ ಕೂದಲೆಳೆಯಂಥ ಬಿರುಕುಗಳು. ದವಡೆಯ ತುಂಡಿನಿಂದ ಮರಳು ಉದುರುತ್ತಿದೆ, ಉದುರಿದ ಕಡೆ ಅಂಟಿನ ನೂಲಿನಂಥದ್ದು ಕಾಣುತ್ತಿದೆ.

ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ (ಶಾಲಾ ವಿಜ್ಞಾನ ಮೇಳಕ್ಕೆ) ಇದನ್ನು ಇಡಬೇಕೆಂದು ಮಕ್ಕಳ ಆಸೆ. ಸುಳ್ಳು ಚೀಟಿ ಬರೆದು ಇಡಲು ನನಗೆ ಮನಸ್ಸಿಲ್ಲ. ಇದು ನಿಜವೇ? ಬಿಡಿ ಹಲ್ಲುಗಳು ಯಾರವು? ಬಿರುಕಿಗೆ ಏನು ಮಾಡಲಿ?

ಶಿಲಾಪ್ರಿಯ, ಹೊಸೂರು:

ಮೇಷ್ಟ್ರೇ, ಮೊದಲು ತೊಳೆಯುವುದನ್ನು ನಿಲ್ಲಿಸಿ. ವಿನೆಗರ್, ನಿಂಬೆರಸದ ಹತ್ತಿರವಂತೂ ಹೋಗಲೇಬೇಡಿ. ಹಲ್ಲು ಇರುವುದೇ ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ; ಹುಳಿ ಸುತ್ತಲಿನ ಕಲ್ಲನ್ನು ಮಾತ್ರ ತಿಂದು ಹಲ್ಲನ್ನು ಬಿಟ್ಟುಬಿಡುವುದಿಲ್ಲ.

ಬಿಡಿ ಹಲ್ಲುಗಳ ಬಗ್ಗೆ ಹೆಸರು ಹೇಳುವ ಮುಂಚೆ ನಾಲ್ಕು ಸಂಗತಿ ಬೇಕು. ಎಷ್ಟು ಮಿಲಿಮೀಟರ್ ಉದ್ದ? ಅಡ್ಡಕ್ಕೆ ಕತ್ತರಿಸಿದರೆ ಆಕಾರ ದುಂಡಗೋ, ಚಪ್ಪಟೆಯೋ, ಒಂದು ಬದಿ ಉಬ್ಬಿದೆಯೋ? ಮೇಲಿನಿಂದ ಕೆಳಗೆ ಹರಿತವಾದ ಏಣುಗಳು ಎಷ್ಟು? ಬುಡದಲ್ಲಿ ಬೇರು ಇದೆಯೋ, ಅಥವಾ ಟೊಳ್ಳೋ? ಬಣ್ಣ ಹೇಳುವುದು ಬೇಡ. ಅದು ಹೂತಿದ್ದ ಮಣ್ಣಿನಿಂದ ಬರುತ್ತದೆ, ಪ್ರಾಣಿಯಿಂದಲ್ಲ. ಅಕ್ಕಸಾಲಿಗರ ಬಳಿ ಇರುವ ಹತ್ತು ಪಟ್ಟಿನ ಭೂತಗನ್ನಡಿ ಸಿಕ್ಕರೆ ಅದರಲ್ಲಿ ನೋಡಿ.

ವಿಜ್ಞಾನದ ಮಾಸ್ಟ್ರು, ಬದಿಯಡ್ಕ:

ಪೇಟೆಯ ಚಿನ್ನದ ಕೆಲಸದವರಲ್ಲಿ ಭೂತಗನ್ನಡಿ ಕೇಳಿ ತಂದೆ. ಮಕ್ಕಳೇ ಅಳತೆ ಮಾಡಿ ಬರೆದುಕೊಟ್ಟದ್ದು ಇದು.

ಒಂದನೆಯದು 34 ಮಿ.ಮೀ. ಮೇಲ್ಭಾಗ, ಅದರ ಕೆಳಗೆ ಅಷ್ಟೇ ಉದ್ದದ ದಪ್ಪ ಬೇರು. ತುದಿ ಹಿಂದಕ್ಕೆ ಸ್ವಲ್ಪ ಬಾಗಿದೆ. ಮುಂದೊಂದು, ಹಿಂದೊಂದು ಏಣು. ಒಂದು ಮುಖ ಹೆಚ್ಚು ಉಬ್ಬಿದೆ, ಇನ್ನೊಂದು ಕಡಿಮೆ. ಮುಖದ ಮೇಲೆ ಉದ್ದಕ್ಕೆ ಪಟ್ಟೆ ಕಡಿದಂತೆ ಅಗಲ ಗೆರೆಗಳಿವೆ. ಬೇರು ರಸ್ಕಿನಂತೆ ಸಣ್ಣ ತೂತುಗಳಿಂದ ತುಂಬಿದೆ.

ಎರಡನೆಯದು 28 ಮಿ.ಮೀ., ನಾಗತಾಳಿಯ ಮುಳ್ಳಿನಂತೆ ತೆಳು. ಅಡ್ಡಕ್ಕೆ ದುಂಡಗಿದೆ. ಏಣೇ ಇಲ್ಲ. ಬುಡದಿಂದ ಮೇಲಕ್ಕೆ ಹೋಗುವ ನವಿರಾದ ಗೀರುಗಳಿವೆ, ಉಗುರಿಗೆ ತಾಗುತ್ತವೆ.

ಮೂರನೆಯದು 22 ಮಿ.ಮೀ., ತುಂಬಾ ನುಣುಪು, ಮಿಂಚುತ್ತದೆ. ಚಪ್ಪಟೆ. ಒಂದು ಅಂಚು ಮಾತ್ರ ಹರಿತ.

ಶಿಲಾಪ್ರಿಯ, ಹೊಸೂರು:

ಮಕ್ಕಳು ಬಹಳ ಚೆನ್ನಾಗಿ ನೋಡಿದ್ದಾರೆ, ಅವರಿಗೆ ನನ್ನ ಅಭಿನಂದನೆ ಹೇಳಿ.

ಒಂದನೆಯದು ಮೊಸಾಸಾರ್‌ನದೇ. ಎರಡು ಏಣು, ಸಮವಲ್ಲದ ಎರಡು ಮುಖ, ಪಟ್ಟೆ ಕಡಿದಂಥ ಗೆರೆ, ಎಲ್ಲಕ್ಕಿಂತ ಮಿಗಿಲಾಗಿ ಆ ಬೇರು. ಮೊಸಾಸಾರ್‌ನ ಬೇರು ಸ್ಪಂಜಿನಂತೆ ಊದಿಕೊಂಡು ದವಡೆಯ ಎಲುಬಿಗೆ ಬೆಸೆದುಕೊಳ್ಳುತ್ತದೆ. ಮೊಸಳೆಯ ಹಲ್ಲು ಬಿದ್ದಾಗ ಸಿಗುವುದು ಬುಡ ಟೊಳ್ಳಾದ ಟೋಪಿಯಂಥ ಮೇಲ್ಭಾಗ ಮಾತ್ರ. ಮೇಲ್ಭಾಗವನ್ನಷ್ಟೇ ನೋಡಿದರೆ ದೊಡ್ಡವರೂ ಎಡವಿದ್ದಾರೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಸುಣ್ಣಕಲ್ಲಿನ ಗಣಿಯಲ್ಲಿ 18ನೆಯ ಶತಮಾನದಲ್ಲಿ ಇಂಥ ತಲೆಬುರುಡೆ ಸಿಕ್ಕಾಗ ಕೆಲವರು ಮೊಸಳೆ ಎಂದರು, ಕೆಲವರು ತಿಮಿಂಗಿಲ ಎಂದರು. ಇದು ಉಡದ ಬಳಗದ ದೈತ್ಯ ಎಂಬುದನ್ನು ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೆ 1808ರಲ್ಲಿ ಸ್ಥಿರಪಡಿಸಿದರು. ಮೊಸಾಸಾರಸ್ ಎಂಬ ಹೆಸರು ಬಂದದ್ದು 1822ರಲ್ಲಿ, ಅಲ್ಲಿ ಹರಿಯುವ ನದಿಯ ಹೆಸರಿನಿಂದ. ಉಡವನ್ನು ನಿಮ್ಮ ಮಕ್ಕಳು ತೋಟದಲ್ಲಿ ನೋಡಿಯೇ ಇರುತ್ತಾರೆ, ಅಲ್ಲಿಂದ ಪಾಠ ಶುರುಮಾಡಿ.

ಎರಡನೆಯದು ಪ್ಲೆಸಿಯೊಸಾರ್‌ನದು ಎಂದು ನನ್ನ ಅಭಿಪ್ರಾಯ. ಅದೂ ಅಳಿದುಹೋದ ಕಡಲ ಸರೀಸೃಪವೇ; ಅದರಲ್ಲೂ ಉದ್ದ ಕೊರಳಿನ ಎಲಾಸ್ಮೊಸಾರ್ ಗುಂಪಿನದಿರಬೇಕು. ಆ ಗುಂಪಿನ ಜರಾಫಾಸಾರಾ ಮೊರಾಕೊದ ಫಾಸ್ಫೇಟ್ ಗಣಿಗಳ ಪದರಗಳಿಂದ ಬಂದಿದೆ. ದುಂಡಗೆ, ತೆಳು, ಏಣಿಲ್ಲ, ನವಿರು ಗೀರು: ಮೀನನ್ನು ಚುಚ್ಚಿ ಹಿಡಿಯುವ ಹಲ್ಲು, ಕತ್ತರಿಸುವ ಹಲ್ಲಲ್ಲ. ಮೊಸಳೆಯದಾಗಿದ್ದರೆ ಸಾಮಾನ್ಯವಾಗಿ ಎದುರುಬದುರು ಎರಡು ಸಣ್ಣ ಏಣುಗಳಿರುತ್ತಿದ್ದವು. ಚೀಟಿಯಲ್ಲಿ ಜಾತಿಯ ಹೆಸರು ಬರೆಯಬೇಡಿ, ಗುಂಪಿನ ಹೆಸರಿಗೆ ನಿಲ್ಲಿಸಿ.

ಮೂರನೆಯದು ಸರೀಸೃಪವೇ ಅಲ್ಲ. ಎಂಕೋಡಸ್ ಎಂಬ ಮೀನಿನ ಕೋರೆಹಲ್ಲು. ಆ ಗಣಿಗಳಲ್ಲಿ ಹೇರಳವಾಗಿ ಸಿಗುತ್ತದೆ, ಸರೀಸೃಪದ್ದೆಂದು ಪೊಟ್ಟಣಕ್ಕೆ ಸೇರಿಸುವುದು ರೂಢಿ.

ಇನ್ನು ದವಡೆಯ ತುಂಡು. ಮೂಲೆಯಲ್ಲಿರುವ ತ್ರಿಕೋನದ ಹಲ್ಲನ್ನು ಸ್ವಲ್ಪ ಹತ್ತಿರದಿಂದ ವಿವರಿಸಿ. ಹಿಂಭಾಗದ ಕಾಣದ ಜಾಗದಲ್ಲಿ ಅಸಿಟೋನ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಇರುತ್ತದಲ್ಲ, ಕತ್ತಲೆಯಲ್ಲಿ ಅದನ್ನೂ ಹಿಡಿದು ನೋಡಿ.

ವಿಜ್ಞಾನದ ಮಾಸ್ಟ್ರು, ಬದಿಯಡ್ಕ:

ಹತ್ತಿ ಅಂಟಂಟಾಗಿ ಹಳದಿಯಾಯಿತು, ಮರಳೂ ಜೊತೆಗೆ ಬಂತು. ದೀಪ ಹಿಡಿದಾಗ ಹಲ್ಲಿನ ಬುಡದ ಸುತ್ತ ನೀಲಿ ಬಿಳುಪಿನ ಬಳೆಯಂತೆ ಹೊಳೆಯಿತು. ಭೂತಗನ್ನಡಿಯಲ್ಲಿ ಮರಳಿನ ನಡುವೆ ಸಣ್ಣ ಗಾಳಿಗುಳ್ಳೆಗಳು ಕಾಣುತ್ತವೆ. ತ್ರಿಕೋನದ ಹಲ್ಲು 40 ಮಿ.ಮೀ. ಇದೆ, ದಪ್ಪ ಬೇರು, ಅಂಚಿನಲ್ಲಿ ಗರಗಸದ ಹಲ್ಲುಗಳಿಲ್ಲ, ಎರಡೂ ಬದಿಗೆ ಒಂದೊಂದು ಪುಟ್ಟ ಮೊಳೆಹಲ್ಲಿನಂಥದ್ದು ಇದೆ.

ಶಿಲಾಪ್ರಿಯ, ಹೊಸೂರು:

ಹಾಗಾದರೆ ಸಂಶಯವಿಲ್ಲ, ಇದು ಜೋಡಿಸಿದ ತುಂಡು. ಹತ್ತಿಗೆ ಹತ್ತಿದ್ದು, ದೀಪಕ್ಕೆ ಹೊಳೆದದ್ದು ಅಂಟು. ಗುಳ್ಳೆ ಇರುವುದೂ ಅದರಲ್ಲೇ, ಕಲ್ಲಿನಲ್ಲಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಆ ತ್ರಿಕೋನದ ಹಲ್ಲು. ನಿಮ್ಮ ವಿವರಣೆ ಓಟೋಡಸ್ ಎಂಬ ಶಾರ್ಕಿಗೆ ಸರಿಯಾಗಿ ಹೊಂದುತ್ತದೆ. ಮೊರಾಕೊದ ಖುರಿಬ್ಗಾದ ಫಾಸ್ಫೇಟ್ ಗಣಿಗಳಲ್ಲಿ ಪದರಗಳು ಒಂದರ ಮೇಲೊಂದು ಇವೆ. ಕೆಳಗಿನವು ಕ್ರಿಟೇಶಿಯಸ್ ಯುಗದ ಕೊನೆಯವು, ಸುಮಾರು 7.2ರಿಂದ 6.6 ಕೋಟಿ ವರ್ಷ ಹಳೆಯವು. ಮೊಸಾಸಾರ್, ಪ್ಲೆಸಿಯೊಸಾರ್ ಇರುವುದು ಅಲ್ಲಿ. ಮೇಲಿನ ಪದರಗಳು ಆ ಪ್ರಾಣಿಗಳೆಲ್ಲ ಅಳಿದ ನಂತರದವು; ಓಟೋಡಸ್ ಇರುವುದು ಅಲ್ಲಿ. ಇಬ್ಬರೂ ಒಂದೇ ಕಡಲಿನಲ್ಲಿ ಈಜಿದವರಲ್ಲ. ಒಂದೇ ಕಲ್ಲಿನಲ್ಲಿ ಅಕ್ಕಪಕ್ಕ ಕೂತಿದ್ದಾರೆಂದರೆ ಕೂರಿಸಿದ್ದು ಮನುಷ್ಯನ ಕೈ.

ಆದರೂ ಬೇಸರ ಬೇಡ. ಇಂಥ ತುಂಡುಗಳಲ್ಲಿ ಹಲ್ಲುಗಳು ಹೆಚ್ಚಾಗಿ ನಿಜವಾದವೇ, ದವಡೆ ಮಾತ್ರ ಕೃತಕ. ನಿಜವಾದ ದವಡೆಯಾಗಿದ್ದರೆ ಎಲುಬಿನ ಎಳೆಗಳು ಉದ್ದಕ್ಕೆ ಓಡುತ್ತಿದ್ದವು, ಪ್ರತಿ ಹಲ್ಲಿಗೂ ಬೇರು ಇರುತ್ತಿತ್ತು.

ಒಂದು ಕೆಲಸ ಮಾಡಿ: ಒಂದನೆಯ ಹಲ್ಲಿನ ಬೇರನ್ನು ಹೆಚ್ಚು ಉಬ್ಬಿದ ಮುಖದ ಕಡೆಯಿಂದ ನೋಡಿ. ಕೆಳಗೆ ಗುಳಿಯೇನಾದರೂ ಇದೆಯೇ?

ಹತ್ತನೆಯ ತರಗತಿ, ಕುಂಬಳೆ:

ನಡುವೆ ಮಾತನಾಡುವುದಕ್ಕೆ ಕ್ಷಮಿಸಿ. ನಮ್ಮ ಮನೆಯ ಹತ್ತಿರ ಮುರಕಲ್ಲಿನ ಕೋರೆ ಇದೆ. ಅಲ್ಲಿ ಹುಡುಕಿದರೆ ಇಂಥ ಹಲ್ಲು ಸಿಗಬಹುದೇ ಸರ್?

ಶಿಲಾಪ್ರಿಯ, ಹೊಸೂರು:

ಸಿಗುವುದಿಲ್ಲ ತಮ್ಮಾ. ಬೇಕಲ ಕೋಟೆಯ ಗೋಡೆಯಲ್ಲಿರುವುದೂ ನಿಮ್ಮ ಕೋರೆಯದೂ ಒಂದೇ ಬಗೆಯ ಕಲ್ಲು. ಹಳೆಯ ಬಂಡೆ ಮಳೆ, ಬಿಸಿಲಿಗೆ ಕೊಳೆತು, ಕಬ್ಬಿಣ, ಅಲ್ಯುಮಿನಿಯಂ ಉಳಿದು ಆದದ್ದು ಮುರಕಲ್ಲು. ಆ ಕೊಳೆಯುವಿಕೆಯಲ್ಲಿ ಎಲುಬು, ಹಲ್ಲು ಉಳಿಯುವುದು ಕಷ್ಟ. ಅಡಿಯಲ್ಲಿರುವ ಕಪ್ಪುಕಲ್ಲಂತೂ ಪ್ರಾಣಿಗಳೇ ಹುಟ್ಟುವ ಮುಂಚಿನದು.

ನಮ್ಮ ದಕ್ಷಿಣದಲ್ಲಿ ಹುಡುಕಬೇಕಾದ ನೆಲ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಜಿಲ್ಲೆಗಳು. ಕ್ರಿಟೇಶಿಯಸ್ ಕಾಲದಲ್ಲಿ ಅಲ್ಲಿ ಕಡಲಿತ್ತು. ಅಲ್ಲಿ ದೊರೆತ ಬೆನ್ನೆಲುಬಿನ ಮಣಿಗಳನ್ನು ನೋಡಿ ಪಳೆಯುಳಿಕೆ ತಜ್ಞ ರಿಚರ್ಡ್ ಲಿಡೆಕ್ಕರ್ 1879ರಲ್ಲಿ ಇಕ್ಥಿಯೊಸಾರಸ್ ಇಂಡಿಕಸ್ ಎಂಬ ಹೆಸರು ಕೊಟ್ಟರು; ಇಕ್ಥಿಯೊಸಾರ್ ಎಂದರೆ ಮೀನಿನಾಕಾರದ ಕಡಲ ಸರೀಸೃಪ. ಗುಜರಾತಿನ ಕಚ್ಛ್‌ನ ಲೋಡಾಯಿ ಗ್ರಾಮದ ಬಳಿ ಸಿಕ್ಕ, ಸುಮಾರು ಐದೂವರೆ ಮೀಟರ್ ಉದ್ದದ ಇಕ್ಥಿಯೊಸಾರ್ ಅಸ್ಥಿಪಂಜರದ ವರದಿ 2017ರಲ್ಲಿ ಬಂತು. ಅದು ಜುರಾಸಿಕ್ ಕಾಲದ್ದು. ಇಕ್ಥಿಯೊಸಾರ್ ಹಲ್ಲಿನ ಗುರುತು ನೆನಪಿಡಿ: ಮೇಲ್ಭಾಗದ ಗೀರುಗಳ ಜೊತೆಗೆ ಬೇರಿನಲ್ಲೂ ಉದ್ದಕ್ಕೆ ಮಡಿಕೆಗಳಿರುತ್ತವೆ, ನೆರಿಗೆ ಹಿಡಿದ ಸೀರೆಯಂತೆ. ಅರಿಯಲೂರಿಗೆ ಹೋದರೆ ಶಿಕ್ಷಕರ ಜೊತೆಗೆ ಹೋಗಿ. ಏನಾದರೂ ಕಂಡರೆ ಕೀಳುವ ಮುಂಚೆ ಅದು ಇದ್ದ ಜಾಗ, ಪದರ ಎರಡರ ಚಿತ್ರವನ್ನೂ ತೆಗೆಯಿರಿ. ಯಾವ ಪದರದಿಂದ ಬಂತು ಎಂದು ತಿಳಿಯದ ಹಲ್ಲು ವಿಜ್ಞಾನಕ್ಕೆ ಅರ್ಧ ಮೂಕವಾದಂತೆ.

ಸಂರಕ್ಷಣೆಯ ಕೆಲಸದವಳು, ಮಂಜೇಶ್ವರ:

ಬಿರುಕಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಆದ್ದರಿಂದ ಬರೆಯುತ್ತೇನೆ. ಮಾಸ್ಟ್ರೇ, ಬಿರುಕು ಬಂದದ್ದು ನೀರಿನಿಂದ ಮಾತ್ರವಲ್ಲ, ಒಲೆಯ ಬಿಸಿಯಿಂದಲೂ. ತೂತುಗಳಿರುವ ಬೇರು ನೀರು ಕುಡಿದಿತ್ತು. ಹೊರಮೈ ಬೇಗ ಒಣಗಿ ಕುಗ್ಗಿತು, ಒಳಗು ಹಸಿಯಾಗಿಯೇ ಉಳಿಯಿತು. ಈಗ ಮುಚ್ಚಳ ಸಡಿಲಿಸಿದ ಡಬ್ಬಿಯಲ್ಲಿ ಒಂದು ವಾರ ನೆರಳಲ್ಲಿ ಇಡಿ.

ಅಂಗಡಿಯ ದಿಢೀರ್ ಅಂಟು ಹಾಕಬೇಡಿ, ಮುಂದೆ ಬಿಡಿಸುವುದು ಬಹಳ ಕಷ್ಟ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವುದು ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ. ಯಾವಾಗ ಬೇಕಾದರೂ ಅಸಿಟೋನ್‌ನಲ್ಲಿ ಕರಗಿಸಿ ತೆಗೆಯಬಹುದು. 100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ ಹರಳು. ಹರಳುಗಳನ್ನು ಸುಮ್ಮನೆ ಸುರಿದರೆ ತಳದಲ್ಲಿ ಮುದ್ದೆಗಟ್ಟುತ್ತವೆ. ತೆಳು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಗಾಜಿನ ಬಾಟಲಿಯೊಳಗೆ ತೂಗುಬಿಡಿ, ರಾತ್ರಿ ಕಳೆಯುವುದರೊಳಗೆ ಕರಗುತ್ತದೆ. ಮೆದು ಕುಂಚದಿಂದ ಬೇರಿಗೆ ಮಾತ್ರ ಹಚ್ಚಿ, ಹೀರಿಕೊಳ್ಳುವುದು ನಿಲ್ಲುವವರೆಗೆ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಇರಬಾರದು, ಈ ಕೆಲಸವನ್ನು ಮಕ್ಕಳಿಗೆ ಬಿಡಬೇಡಿ.

ಒಂದು ಎಚ್ಚರ ನಮ್ಮ ಊರಿಗೇ ವಿಶೇಷ. ಗಾಳಿಯಲ್ಲಿ ತೇವ ತುಂಬಿರುವಾಗ ಹಚ್ಚಿದರೆ ಅಸಿಟೋನ್ ಆರುವ ತಂಪಿಗೆ ನೀರು ಇಳಿದು ಮೇಲ್ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆಟಿಯಲ್ಲಿ ಮಾಡಲೇಬೇಡಿ. ಮಳೆ ಬಿಟ್ಟು ಎರಡು ದಿನ ಒಣ ಹವೆ ಬಂದ ಮೇಲೆ ಮಾಡಿ.

ವಿಜ್ಞಾನದ ಮಾಸ್ಟ್ರು, ಬದಿಯಡ್ಕ:

ಎಲ್ಲರಿಗೂ ಮನಸಾರೆ ಕೃತಜ್ಞತೆ. ಗುಳಿ ಇದೆ! ಬೇರಿನ ಬುಡದ ಒಂದು ಬದಿಯಲ್ಲಿ ಕಡಲೆ ಹಿಡಿಸುವಷ್ಟು, ಒಳಗೋಡೆ ನುಣುಪಾಗಿದೆ. ಒಡೆದ ಗುರುತಲ್ಲ, ಯಾರೋ ಬೆರಳಿನಿಂದ ಒತ್ತಿದಂತಿದೆ.

ಶಿಲಾಪ್ರಿಯ, ಹೊಸೂರು:

ಅದೇ ನಾನು ಕಾಯುತ್ತಿದ್ದದ್ದು. ಹೊಸ ಹಲ್ಲು ಮೊಳೆತ ಜಾಗ ಅದು. ಮೊಸಾಸಾರ್‌ಗೆ ಬದುಕಿನುದ್ದಕ್ಕೂ ಹಲ್ಲು ಬದಲಾಗುತ್ತಿತ್ತು; ಬರುವ ಹಲ್ಲು ಹಳೆಯದರ ಬೇರನ್ನು ಕರಗಿಸಿ ಗೂಡು ಮಾಡಿಕೊಂಡು ಅದರೊಳಗೆ ಬೆಳೆಯುತ್ತಿತ್ತು. ನಿಮ್ಮ ಕೈಯಲ್ಲಿರುವುದು ಬೀಳುವ ಹೊತ್ತಿಗೆ ಬಂದಿದ್ದ ಹಲ್ಲು. ಆ ಗುಳಿಗೆ ರಾಳ ತುಂಬದಂತೆ ನೋಡಿಕೊಳ್ಳಿ.

ವಿಜ್ಞಾನದ ಮಾಸ್ಟ್ರು, ಬದಿಯಡ್ಕ:

ಸೋಣ ತಿಂಗಳಲ್ಲಿ ಮಳೆ ನಿಂತ ಮೂರನೆಯ ದಿನ ರಾಳ ಹಚ್ಚಿದೆ, ಬಿಳುಪು ಬರಲಿಲ್ಲ, ಬಿರುಕುಗಳು ನಿಂತಿವೆ. ದವಡೆಯ ತುಂಡನ್ನೂ ಮೇಜಿನ ಮೇಲೆ ಇಡುತ್ತಿದ್ದೇವೆ. ಮಕ್ಕಳು ಬರೆದ ಚೀಟಿ: ‘ಹಲ್ಲುಗಳು ನಿಜ, ದವಡೆ ಜೋಡಿಸಿದ್ದು. ಶಾರ್ಕಿನ ಹಲ್ಲು ನಂತರದ ಕಾಲದ್ದು.’ ಒಂದನೆಯ ಹಲ್ಲನ್ನು ಗುಳಿ ಕಾಣುವಂತೆ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಭೂತಗನ್ನಡಿ ಇಟ್ಟಿದ್ದಾರೆ. ಚಿನ್ನದ ಕೆಲಸದವರು ಮೇಳ ಮುಗಿಯುವವರೆಗೆ ಅದನ್ನು ಇಟ್ಟುಕೊಳ್ಳಿ ಎಂದಿದ್ದಾರೆ.