ವಂಕಿ ಹಾಕಿಸಿಕೊಂಡವರು ಮುಟ್ಟಿನ ಕಪ್ ಬಳಸಬಹುದೇ? ಇಡೀ ದಿನ ಹೊರಗಿರುವವರಿಗೆ ಅದು ಅನುಕೂಲವೇ?

ಪ್ರಶ್ನೆ – ಮಲೆನಾಡಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಎರಡು ಸಹಜ ಹೆರಿಗೆಗಳಾಗಿವೆ, ಒಂದು ವರ್ಷದ ಹಿಂದೆ ವಂಕಿ (ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಂಥ ಸಾಧನ) ಹಾಕಿಸಿಕೊಂಡಿದ್ದೇನೆ. ಪ್ರೌಢಶಾಲೆಯಲ್ಲಿ ಪಾಠ ಮಾಡುವ ನಾನು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಮರಳುವುದು ಸಂಜೆ ಆರಕ್ಕೆ. ಶಾಲೆಯ ಶೌಚಾಲಯದಲ್ಲಿ ಬೇಸಿಗೆಯಲ್ಲಿ ನೀರಿರುವುದಿಲ್ಲ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲ ಒಲೆಗೆ ಹಾಕಿ ಸುಡುತ್ತಿದ್ದೇನೆ. ಆ ಪ್ಲಾಸ್ಟಿಕ್ ಹೊಗೆ ಮಕ್ಕಳು ಮಲಗಿರುವ ಕೋಣೆಗೆ ನುಗ್ಗಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಟ್ಟೆಗೆ ಮರಳೋಣವೆಂದರೆ ನಮ್ಮ ಕಡೆ ಮಳೆಗಾಲದಲ್ಲಿ ಹರವಿದ ಬಟ್ಟೆ ಮೂರು ದಿನವಾದರೂ ಒಣಗದು. ಹಸಿ ಬಟ್ಟೆಯಿಂದ ತೊಡೆಸಂದಿಯಲ್ಲಿ ತುರಿಕೆಯಾಗಿ ಒಮ್ಮೆ ಔಷಧಿ ತೆಗೆದುಕೊಂಡದ್ದೂ ಆಗಿದೆ.

ಆದ್ದರಿಂದ ಮುಟ್ಟಿನ ಕಪ್, ಅಂದರೆ ರಕ್ತ ಹಿಡಿಯಲು ಯೋನಿಯೊಳಗೆ ಇಟ್ಟುಕೊಳ್ಳುವ ಮೆತ್ತನೆಯ ಬಟ್ಟಲು, ಬಳಸಬೇಕೆಂದು ನಿಶ್ಚಯಿಸಿದ್ದೇನೆ. ವಂಕಿ ಇರುವಾಗ ಅದನ್ನು ಬಳಸಬಹುದೇ? ಶಾಲೆಯಲ್ಲಿ ಅದನ್ನು ತೆಗೆದು ತೊಳೆಯಬೇಕಾದೀತೇ? ಕೇಳಲು ಸಂಕೋಚವಾಗುವ ಇನ್ನೊಂದು ಮಾತಿದೆ: ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಅಡುಗೆಮನೆಗೆ ಹೋಗುವಂತಿಲ್ಲ, ಇದಕ್ಕಾಗಿ ಅತ್ತೆಯವರ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಹಾಗಿರುವಾಗ ಕಪ್ಪನ್ನು ಕುದಿಸುವುದೆಲ್ಲಿ?

ಉತ್ತರ – ಶುಶ್ರೂಷಕಿ, ದಕ್ಷಿಣ ಕನ್ನಡ

ಮೇಡಂ, ಮೊದಲು ವಂಕಿಯ ವಿಷಯವನ್ನೇ ಹೇಳುತ್ತೇನೆ. ಉಳಿದವೆಲ್ಲ ಅಭ್ಯಾಸದಿಂದ ಸರಿಹೋಗುವಂಥವು, ಇದು ಹಾಗಲ್ಲ. ವಂಕಿಯ ದಾರ ಗರ್ಭಕೊರಳಿನಿಂದ (ಗರ್ಭಕೋಶದ ಬಾಯಿಯಿಂದ) ಯೋನಿಯೊಳಕ್ಕೆ ಸ್ವಲ್ಪ ಇಳಿದಿರುತ್ತದೆ. ಕಪ್ ಒಳಗೆ ಅರಳಿ ಯೋನಿಯ ಗೋಡೆಗೆ ಒತ್ತಿಕೊಂಡಾಗ ಗಾಳಿಯಾಡದ ಹಿಡಿತ ಏರ್ಪಡುತ್ತದೆ. ಆ ಹಿಡಿತವನ್ನು ಬಿಡಿಸದೆ ಕಪ್ಪನ್ನು ಎಳೆದರೆ, ಅಥವಾ ಕಪ್ಪಿನ ಜೊತೆಗೆ ದಾರವೂ ಬೆರಳಿಗೆ ಸಿಕ್ಕಿಕೊಂಡರೆ, ವಂಕಿ ಜಾರಿಬರುವ ಸಾಧ್ಯತೆಯಿದೆ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಅಂದರೆ 3,319 ಮಂದಿಯ ಅನುಭವವನ್ನು, ಒಟ್ಟಿಗೆ ಪರಿಶೀಲಿಸಿದ ಲೇಖನವೊಂದು ಪ್ರಕಟವಾಯಿತು. ಸೋರುವಿಕೆಯಲ್ಲಿ ಕಪ್ ಪ್ಯಾಡಿಗಿಂತ ಹಿಂದೆ ಬಿದ್ದಿಲ್ಲವೆಂದು ತೋರಿಸಿದ ಅದೇ ಲೇಖನದಲ್ಲಿ, ಕಪ್ ಬಳಸುತ್ತಿದ್ದ 13 ಮಂದಿಯಲ್ಲಿ ವಂಕಿ ಸ್ಥಾನ ತಪ್ಪಿದ್ದೂ ದಾಖಲಾಗಿದೆ.

ಹಾಗೆಂದು ಬಳಸಲೇಬಾರದೆಂದಲ್ಲ. ಮೊದಲು ವಂಕಿ ಹಾಕಿದ ವೈದ್ಯರಲ್ಲಿಗೆ ಹೋಗಿ ಕಪ್ ಬಳಸುವ ವಿಚಾರ ತಿಳಿಸಿ. ದಾರ ಉದ್ದವಿದ್ದರೆ ಅವರು ಕತ್ತರಿಸಿ ಗಿಡ್ಡ ಮಾಡಿಕೊಡುತ್ತಾರೆ. ಪ್ರತಿ ಮುಟ್ಟು ನಿಂತ ಮೇಲೆ ದಾರ ಬೆರಳಿಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳಿ. ದಾರ ಸಿಗದಿದ್ದರೆ, ಮೊದಲಿಗಿಂತ ಉದ್ದವೆನಿಸಿದರೆ, ಅಥವಾ ಕೆಳಹೊಟ್ಟೆ ನೋಯತೊಡಗಿದರೆ ಕೂಡಲೇ ತೋರಿಸಿ. ಅಲ್ಲಿಯವರೆಗೆ ಗರ್ಭ ತಡೆಯಲು ವಂಕಿಯನ್ನೇ ನಂಬಬೇಡಿ. ಕಪ್ ಒಳಗಿರುವಾಗ ಒಮ್ಮೆಗೇ ಜ್ವರವೇರಿ, ಮೈಮೇಲೆ ಗಂಧೆಯಂತೆ ಕೆಂಪು ಎದ್ದು ತಲೆಸುತ್ತು ಬಂದರೆ ಕಪ್ಪನ್ನು ತೆಗೆದು ಆಸ್ಪತ್ರೆಗೆ ಹೊರಡಬೇಕು. ಇದು ಬಹಳ ಅಪರೂಪ, ಆದರೆ ತಿಳಿದಿರಬೇಕಾದದ್ದು.

ನಮ್ಮ ಜಿಲ್ಲೆಯಲ್ಲೂ ಚಾಮರಾಜನಗರದಲ್ಲೂ ಆರೋಗ್ಯ ಇಲಾಖೆಯು ಪ್ರಾಯೋಗಿಕವಾಗಿ ಹೆಣ್ಣುಮಕ್ಕಳಿಗೆ ಕಪ್ ಹಂಚಿದೆ. ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವುದು, ಅದು ಹೊಟ್ಟೆಯೊಳಗೆ ಹೋಗಿಬಿಟ್ಟರೆ ಏನು ಗತಿ ಎಂದು. ಗರ್ಭಕೊರಳಿನ ರಂಧ್ರ ಬಹಳ ಕಿರಿದು. ಕಪ್ ಅದನ್ನು ದಾಟಿ ಹೋಗಲಾರದು.

ಉತ್ತರ – ಆರು ವರ್ಷಗಳಿಂದ ಬಳಸುತ್ತಿರುವವಳು, ಕೋಲಾರ

ಶಾಲೆಯಲ್ಲಿ ತೆಗೆಯುವ ಅಗತ್ಯ ಬಹುಶಃ ನಿಮಗೆ ಬರುವುದಿಲ್ಲ. ಒಂದು ಮುಟ್ಟಿನ ಎಲ್ಲ ದಿನಗಳಲ್ಲಿ ಸೇರಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. ಹೆಚ್ಚಿನ ಕಪ್‌ಗಳು ಒಮ್ಮೆಗೆ 20ರಿಂದ 30 ಮಿಲಿಲೀಟರ್ ಹಿಡಿಯುತ್ತವೆ. ತಯಾರಕರು ಹೇಳುವ ಮಿತಿ 8ರಿಂದ 12 ಗಂಟೆ, ನಿಮ್ಮ ದಿನ ಹತ್ತೂವರೆ ಗಂಟೆಯದು. ಆದ್ದರಿಂದ ಕೊಳ್ಳುವಾಗಲೇ ಪೊಟ್ಟಣದ ಮೇಲೆ 12 ಗಂಟೆ ಎಂದಿದೆಯೇ ಎಂದು ನೋಡಿಕೊಳ್ಳಿ. ಹೊರಡುವ ಮುನ್ನ ಖಾಲಿ ಮಾಡಿ ಹಾಕಿಕೊಂಡು, ಬಂದ ಕೂಡಲೇ ತೆಗೆಯಿರಿ. ಸಹಜ ಹೆರಿಗೆಯಾದವರಿಗೆ ಸಾಮಾನ್ಯವಾಗಿ ದೊಡ್ಡ ಅಳತೆಯನ್ನು ಸೂಚಿಸುತ್ತಾರೆ. ಆದರೆ ಗರ್ಭಕೊರಳು ತಗ್ಗಿನಲ್ಲಿದ್ದರೆ ಉದ್ದದ ಕಪ್ ಚುಚ್ಚುತ್ತದೆ. ಮುಟ್ಟಿನ ದಿನ ಬೆರಳಿಟ್ಟು ಅದು ಎಷ್ಟು ಮೇಲಿದೆ ಎಂದು ನೋಡಿದ ಮೇಲೆಯೇ ಕೊಳ್ಳಿ.

ಮೊದಲ ಪ್ರಯತ್ನ ಭಾನುವಾರ, ಮನೆಯ ಬಚ್ಚಲಲ್ಲಿ, ಅವಸರವಿಲ್ಲದೆ ಆಗಲಿ. ಕುಕ್ಕರಗಾಲಿನಲ್ಲಿ ಕುಳಿತು, ಕಪ್ಪಿನ ಅಂಚಿನ ಒಂದು ಬದಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿದರೆ ಅದು ಮೊಗ್ಗಿನಂತೆ ಚೂಪಾಗುತ್ತದೆ. ನೇರ ಮೇಲಕ್ಕಲ್ಲ, ಬೆನ್ನಿನ ಬುಡದ ಕಡೆಗೆ ವಾಲಿಸಿ ಸೇರಿಸಬೇಕು. ನಾನು ಮೊದಲೆರಡು ತಿಂಗಳು ನೇರ ಮೇಲಕ್ಕೆ ತಳ್ಳಿ ನೋವು ಮಾಡಿಕೊಂಡೆ. ಅರಳಿದ ಮೇಲೆ ಸುತ್ತ ಬೆರಳಾಡಿಸಿದಾಗ ಎಲ್ಲೂ ಮಡಿಕೆ ಸಿಗಬಾರದು, ಸಿಕ್ಕರೆ ಅಲ್ಲಿಂದಲೇ ಸೋರುತ್ತದೆ. ತೆಗೆಯುವಾಗ ಕಪ್ಪಿನ ತಳದಲ್ಲಿರುವ ಬಾಲವನ್ನು ಎಳೆಯದೆ ಬುಡವನ್ನು ಚಿವುಟಿ ಹಿಡಿದು, ಗಾಳಿ ಒಳಹೋಗಲು ಬಿಟ್ಟು ತೆಗೆಯಿರಿ. ಕೈ ಪಳಗಲು ನನಗೆ ಮೂರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಜೊತೆಗೊಂದು ತೆಳು ಬಟ್ಟೆಯಿದ್ದರೆ ಧೈರ್ಯ.

ಇನ್ನು ಕುದಿಸುವ ವಿಷಯ. ಮುಟ್ಟಿನ ದಿನಗಳ ನಡುವೆ ದಿನವೂ ಕುದಿಸಬೇಕಾಗಿಲ್ಲ, ಶುದ್ಧ ನೀರಿನಲ್ಲಿ ತೊಳೆದರೆ ಸಾಕು. ಮುಟ್ಟು ನಿಂತು ತಲೆಸ್ನಾನವಾದ ಮೇಲೆ ಒಮ್ಮೆ, ಮುಂದಿನ ಸಲ ಹಾಕಿಕೊಳ್ಳುವ ಮುನ್ನ ಒಮ್ಮೆ ಐದಾರು ನಿಮಿಷ ಕುದಿಸಿ, ಒಣಗಿಸಿ, ಹತ್ತಿಬಟ್ಟೆಯ ಚೀಲದಲ್ಲಿಡಿ. ಗಾಳಿಯಾಡದ ಡಬ್ಬಿ ಬೇಡ. ಇದಕ್ಕೆಂದೇ ಒಂದು ಸಣ್ಣ ಸ್ಟೀಲ್ ಪಾತ್ರೆಯನ್ನು ಬೇರೆಯಾಗಿಟ್ಟುಕೊಂಡರೆ ಅಡುಗೆಮನೆಯ ಪ್ರಶ್ನೆಯೇ ಬಾರದು, ನೀವು ಪ್ಯಾಡ್ ಸುಡುತ್ತಿದ್ದ ಬಚ್ಚಲ ಒಲೆಯ ಮೇಲೆಯೇ ನೀರು ಕುದಿಯುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಿಗೆ ಕಪ್ಪಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಹಾಗಾಗಿ ನಾನು ಕುಡಿಯುವ ನೀರನ್ನೇ ಕುದಿಸುತ್ತೇನೆ. ನಿಮ್ಮ ಮಲೆನಾಡಿನ ನೀರಿಗೆ ಈ ತೊಂದರೆ ಇರಲಾರದು.

ಉತ್ತರ – ಹುಬ್ಬಳ್ಳಿಯಿಂದ

ನನಗೆ ಕಪ್ ಒಗ್ಗಲಿಲ್ಲ, ಅದನ್ನೂ ಹೇಳಬೇಕು. ಎರಡನೆಯ ದಿನ ಅದು ಮೂರೇ ಗಂಟೆಯಲ್ಲಿ ತುಂಬಿ ಹರಿಯುತ್ತಿತ್ತು. ಆದರೆ ಕಪ್ಪಿನ ಒಳಗೆ ಅಳತೆಯ ಗೆರೆಗಳಿದ್ದವು. ಪ್ರತಿ ಸಲ ಎಷ್ಟು ತುಂಬಿತೆಂದು ಬರೆದಿಟ್ಟು ಕೂಡಿಸಿ ನೋಡಿದಾಗ ಒಂದು ಮುಟ್ಟಿಗೆ 120 ಮಿಲಿಲೀಟರ್ ದಾಟಿತ್ತು. 80ಕ್ಕಿಂತ ಹೆಚ್ಚು ಹೋದರೆ ಅದು ಅತಿಸ್ರಾವ. ಆ ಚೀಟಿಯನ್ನೇ ವೈದ್ಯರಿಗೆ ತೋರಿಸಿದೆ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ವರ್ಷಗಟ್ಟಲೆ ಪ್ಯಾಡ್ ಬದಲಾಯಿಸುತ್ತ ಇದು ಎಲ್ಲರಿಗೂ ಇರುವುದೇ ಎಂದುಕೊಂಡಿದ್ದೆ. ವಂಕಿ ಹಾಕಿಸಿದ ಮೇಲೆ ಸ್ರಾವ ಹೆಚ್ಚಾಗುವುದೂ ಉಂಟು, ಆದ್ದರಿಂದ ನೀವೂ ಅಳೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಮಲೆನಾಡಿನ ಶಿಕ್ಷಕಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ವೈದ್ಯರು ದಾರವನ್ನು ಗಿಡ್ಡ ಮಾಡಿಕೊಟ್ಟರು. ಈ ತಿಂಗಳು ಮೊದಲ ಬಾರಿಗೆ ಬಳಸಿದೆ. ಮೊದಲ ದಿನ ಸೋರಿತು, ಮೂರನೆಯ ದಿನ ಶಾಲೆಗೂ ಹಾಕಿಕೊಂಡು ಹೋಗಿ ಸಂಜೆಯವರೆಗೆ ನಿಶ್ಚಿಂತೆಯಿಂದಿದ್ದೆ. ಬಸ್ಸಿನ ಸೀಟಿನಲ್ಲಿ ಕುಳಿತಾಗ ಮಾತ್ರ ಬಾಲ ಚುಚ್ಚುತ್ತದೆ. ಅದನ್ನು ಕತ್ತರಿಸಬಹುದೇ?

ಶುಶ್ರೂಷಕಿ, ದಕ್ಷಿಣ ಕನ್ನಡ

ಕತ್ತರಿಸಬಹುದು ಮೇಡಂ, ಆದರೆ ಕಪ್ಪನ್ನು ಹೊರಗೆ ತೆಗೆದ ಮೇಲೆ, ಸ್ವಲ್ಪ ಸ್ವಲ್ಪವಾಗಿ. ಬಟ್ಟಲಿನ ತಳಕ್ಕೆ ಕತ್ತರಿ ತಾಗದಿರಲಿ, ತುದಿ ಮೊನಚಾಗಿ ಉಳಿಯದಿರಲಿ. ಬಾಲ ಹಿಡಿದು ಎಳೆಯುವ ಅಭ್ಯಾಸ ವಂಕಿಯಿರುವ ನಿಮಗೆ ಹೇಗೂ ಬೇಡ, ಗಿಡ್ಡವಾದರೆ ಒಳ್ಳೆಯದೇ. ಈ ಸಲ ಮುಟ್ಟು ನಿಂತ ಮೇಲೆ ದಾರ ಬೆರಳಿಗೆ ಸಿಕ್ಕಿತೇ ಎಂಬುದನ್ನು ನೀವು ಬರೆದಿಲ್ಲ. ಇವತ್ತೇ ನೋಡಿಕೊಳ್ಳಿ, ಸಿಗದಿದ್ದರೆ ವೈದ್ಯರನ್ನು ಕಾಣಿ.