ಓದು ಬಿಟ್ಟು ಎಂಟು ತಿಂಗಳಾಯಿತು, ಖೋಲಿ ಬಿಡೋಕೆ ಮನಸ್ಸು ಬರ್ತಿಲ್ಲ

ಸಪ್ತಾಪುರದ ಹಳೇ ಗಿರಾಕಿ:

ನಮಸ್ಕಾರ್ರೀ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮೂರು ಶಿರಹಟ್ಟಿ ಹತ್ತಿರ. 2018ರಲ್ಲಿ ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋಣ ಅಂತ ಧಾರವಾಡಕ್ಕೆ ಬಂದೆ. ಸಪ್ತಾಪುರದಲ್ಲಿ ಖೋಲಿ, ಖಾನಾವಳಿ ಊಟ, ಬೆಳಿಗ್ಗೆ ಕ್ಲಾಸು, ಸಂಜೆ ಪಕ್ಕದ ಓಣಿಯ ರೀಡಿಂಗ್ ರೂಮು. ಎರಡು ವರ್ಷ ಅಂತ ಮನೆಯಲ್ಲಿ ಹೇಳಿ ಬಂದವನು ಆರು ವರ್ಷ ಕೂತೆ. ಮಧ್ಯೆ ಕೊರೊನಾ. ಆಮೇಲೆ 545 ಪಿಎಸ್‌ಐ ಹುದ್ದೆಯ ಪರೀಕ್ಷೆ, 2021ರ ಅಕ್ಟೋಬರ್ 3ಕ್ಕೆ ಬರೆದೆ, ಚೆನ್ನಾಗೇ ಆಗಿತ್ತು. 2022ರ ಏಪ್ರಿಲ್‌ನಲ್ಲಿ ಅಕ್ರಮ ಆಗಿದೆ ಅಂತ ಅದು ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿ 23ಕ್ಕೆ. ಅಷ್ಟರಲ್ಲಿ ಓದಿದ್ದೆಲ್ಲ ಹಳಸಿತ್ತು, ನಾನೂ ಹಳಸಿದ್ದೆ. ಆಗಲಿಲ್ಲ.

ಹೋದ ವರ್ಷ ಸಾಕು ಅಂದೆ. ಈಗ ಹುಬ್ಬಳ್ಳಿ ವಿದ್ಯಾನಗರದ ಹತ್ತಿರ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ನೋಡುತ್ತೇನೆ, ಸಂಬಳ 17 ಸಾವಿರ. ಕೆಲಸದ ಬಗ್ಗೆ ಏನೂ ತಕರಾರಿಲ್ಲ. ಆದರೆ ಇನ್ನೂ ಸಪ್ತಾಪುರದ ಅದೇ ಖೋಲಿಯಲ್ಲಿದ್ದೇನೆ. ದಿನಾ ಚಿಗರಿ ಬಸ್ಸು ಹತ್ತಿ ಹೋಗೋದು, ರಾತ್ರಿ ವಾಪಸ್ ಬರೋದು. ಗೆಳೆಯನೊಬ್ಬ ಹುಬ್ಬಳ್ಳಿಯಲ್ಲಿದ್ದಾನೆ, ಅವನ ಖೋಲಿಯಲ್ಲಿ ಜಾಗ ಇದೆ, ಬಾ ಬಾ ಅಂತ ಕರೆದು ಕರೆದು ಅವನಿಗೂ ಸಾಕಾಗಿದೆ. ಇಲ್ಲಿ ಗೋಡೆ ಪಕ್ಕ ಪುಸ್ತಕ ಸೊಂಟದ ಮಟ್ಟ ಇವೆ. ಕರ್ನಾಟಕದ ನಕಾಶೆ ಇನ್ನೂ ಗೋಡೆ ಮೇಲಿದೆ, ಮಲಪ್ರಭಾ, ತುಂಗಭದ್ರಾ ಎಲ್ಲ ನೀಲಿ ಪೆನ್ನಿನಲ್ಲಿ ತಿದ್ದಿ ತಿದ್ದಿ ಹಾಳೆ ಸವೆದಿದೆ. ಅದನ್ನು ಕಿತ್ತರೆ ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯಿತು ಅಂತ ನಾನೇ ಒಪ್ಪಿಕೊಂಡ ಹಾಗೆ, ಅಲ್ವಾ?

ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಬಾಡಿಗೆ 1 ಲಕ್ಷ 80 ಸಾವಿರ, ಊಟ 1 ಲಕ್ಷ 56 ಸಾವಿರ, ಕ್ಲಾಸು 75 ಸಾವಿರ, ರೀಡಿಂಗ್ ರೂಮು 36 ಸಾವಿರ, ಪುಸ್ತಕ, ಅರ್ಜಿ, ಬಸ್ಸು ಸೇರಿ 35 ಸಾವಿರ. ಒಟ್ಟು 4 ಲಕ್ಷ 82 ಸಾವಿರ. ಅಪ್ಪ ಒಂದು ಜೋಡಿ ಎತ್ತು ಮಾರಿದ್ದೂ ಇದರಲ್ಲೇ ಬರುತ್ತೆ. ರಾತ್ರಿ ಮಲಗೋ ಮುಂಚೆ ಆ ಪುಟ ತೆಗೆದು ನೋಡುತ್ತೇನೆ. ಹುಚ್ಚು ಅಂತ ಗೊತ್ತು. ಇದನ್ನ ಬಿಟ್ಟವರು ಯಾರಾದರೂ ಇದ್ದರೆ ಹೇಳಿ. ಸುಮ್ನೆ "ಮರೆತುಬಿಡಿ" ಅನ್ನಬೇಡಿ, ಅದನ್ನ ಹೇಳೋಕೆ ಮನೆ ಮಾಲಕರೇ ಇದ್ದಾರೆ.

ಲೈನ್ ಬಜಾರ್:

ಪುಸ್ತಕ ಮಾರಿ, ಬಂದ ದುಡ್ಡಿಗೆ ಪೇಢಾ ತಗೊಂಡು ಊರಿಗೆ ಹೋಗಿ ಬನ್ನಿ. ಇಷ್ಟೇ.

ಕೆಂಪು ಕಾಯಿ:

ತಮ್ಮಾ, ನಾನು ಓದಿದವನಲ್ಲ, ನನ್ನದು ಮೆಣಸಿನಕಾಯಿ. ಕುಂದಗೋಳ ಕಡೆಯವನು.

2023ರಲ್ಲಿ ಬ್ಯಾಡಗಿಯಲ್ಲಿ ಬಂದ ರೇಟು ನೋಡಿ ಅದೇ ವರ್ಷ ಮುಂಗಾರಿಗೆ ನಮ್ಮ ಕಡೆ ಕಂಡ ಕಂಡವರೆಲ್ಲ ಕಾಯಿ ಹಾಕಿದರು, ನಾನೂ ಹಾಕಿದೆ. 2024ರ ಮಾರ್ಚಿನಲ್ಲಿ ರೇಟು ಬಿದ್ದು ಮಾರುಕಟ್ಟೆಯಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದಿದ್ದು ನೀನೂ ಪೇಪರಲ್ಲಿ ಓದಿರ್ತೀಯ. ನಾನು ಆ ರೇಟಿಗೆ ಕೊಡಲ್ಲ ಅಂತ ಹಟ ಹಿಡಿದು 38 ಚೀಲ ಕೋಲ್ಡ್ ಸ್ಟೋರೇಜಿಗೆ ಹಾಕಿದೆ. ಅಲ್ಲಿ ಕಾಯಿಯ ಬಣ್ಣ ಕೆಡೋದಿಲ್ಲ, ಅದೇ ತೊಂದರೆ ನೋಡು, ಕೆಟ್ಟಿದ್ದರೆ ಅವತ್ತೇ ಮಾರಿಬಿಡ್ತಿದ್ದೆ. ಪ್ರತಿ ಸೋಮವಾರ, ಗುರುವಾರ ಟೆಂಡರ್ ರೇಟು ನೋಡೋದು, ಇನ್ನೂ ಸ್ವಲ್ಪ ಏರಲಿ ಅನ್ನೋದು. ಬಾಡಿಗೆ ಏರುತ್ತಿತ್ತು, ಸೊಸೈಟಿ ಬಡ್ಡಿ ಏರುತ್ತಿತ್ತು, ರೇಟೊಂದು ಬಿಟ್ಟು ಎಲ್ಲ ಏರುತ್ತಿತ್ತು. ನನ್ನ ಹೆಂಡತಿ ಒಂದು ರಾತ್ರಿ ಅಂದಳು, "ಕಾಯಿ ಅಲ್ಲಿ ತಣ್ಣಗೆ ಮಲಗಿದಾವ, ನೀವು ಇಲ್ಲಿ ಹೊರಳಾಡಾಕತ್ತೀರಿ."

ಕಡೆಗೆ ನಮ್ಮ ಅಡತಿ ಅಂಗಡಿಯವರು ಒಂದು ಮಾತು ಕೇಳಿದರು. "ನಿಮ್ಮ ಹತ್ತಿರ ಕಾಯಿ ಇಲ್ಲ ಅಂತ ತಿಳ್ಕೊಳ್ರಿ, ಕೈಯಾಗ ರೊಕ್ಕ ಐತಿ. ಇವತ್ತು ಹೋಗಿ 38 ಚೀಲ ಹಳೇ ಕಾಯಿ ಕೊಂಡು ಇಡ್ತೀರೇನು?" ನನಗೇನು ಹುಚ್ಚಾ ಅಂದೆ. ಅಂದ ಮೇಲೆ ನನಗೇ ನಗು ಬಂತು. ಈ ಜನವರಿಯಲ್ಲಿ ಮಾರಿದೆ, ಮೊದಲ ದಿನದ ರೇಟಿಗಿಂತ ಕಡಿಮೆಗೆ. ಅವತ್ತು ಮಧ್ಯಾಹ್ನ ಮಾರುಕಟ್ಟೆ ಹೊರಗೆ ನಿಂತು ಗಿರ್ಮಿಟ್ ತಿಂದೆ, ಎರಡು ಮಿರ್ಚಿ ಜಾಸ್ತಿ ಹಾಕಿಸಿಕೊಂಡೆ.

ನಿನ್ನ ಖೋಲಿ ಕೋಲ್ಡ್ ಸ್ಟೋರೇಜ್ ಆಗಿದೆ ತಮ್ಮಾ. ಹುಬ್ಬಳ್ಳಿಯಲ್ಲಿ ಕೆಲಸ ಇರೋ ಹುಡುಗ ಇವತ್ತು ಹೊಸದಾಗಿ ಸಪ್ತಾಪುರದಲ್ಲಿ ಖೋಲಿ ಹುಡುಕುತ್ತಾನಾ?

ಚಾಕ್‌ಪೀಸ್:

ಕೆಂಪು ಕಾಯಿ ಅವರು ಹೇಳಿದ್ದನ್ನೇ ನಾನು ಇಪ್ಪತ್ತು ವರ್ಷ ಕಾಮರ್ಸ್ ಕ್ಲಾಸಿನಲ್ಲಿ ಬೋರ್ಡ್ ತುಂಬ ಬರೆದಿದ್ದೇನೆ, ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಸಂಕ್ ಕಾಸ್ಟ್ ಅಂತಾರೆ, ಏನು ಮಾಡಿದರೂ ವಾಪಸ್ ಬಾರದ ಖರ್ಚು.

ಒಂದು ಪ್ರಯೋಗ ನೆನಪಾಯಿತು. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದಲ್ಲಿ ಆರ್ಕಿಸ್, ಬ್ಲೂಮರ್ ಅನ್ನುವ ಇಬ್ಬರು ಮಾಡಿದ್ದು, 1985ರಲ್ಲಿ ಪ್ರಕಟವಾಯಿತು. ನಾಟಕದ ಇಡೀ ಸೀಸನ್ನಿನ ಟಿಕೆಟ್ ಕೊಳ್ಳೋಕೆ ಬಂದವರಲ್ಲಿ ಕೆಲವರಿಗೆ ಪೂರ್ತಿ 15 ಡಾಲರ್ ದರ, ಕೆಲವರಿಗೆ 2 ಡಾಲರ್ ರಿಯಾಯಿತಿ, ಇನ್ನು ಕೆಲವರಿಗೆ 7 ಡಾಲರ್ ರಿಯಾಯಿತಿ ಕೊಟ್ಟರು. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕ ನೋಡಿದರು. ಕೊಟ್ಟ ದುಡ್ಡು ದಂಡ ಆಗಬಾರದಲ್ಲ! ಆದರೆ ಎರಡನೇ ಅರ್ಧಕ್ಕೆ ಬಂದಾಗ ಆ ವ್ಯತ್ಯಾಸವೇ ಹೋಗಿತ್ತು. ನನಗೆ ಇಷ್ಟವಾಗೋದು ಈ ಕೊನೆಯ ಭಾಗ. ದುಡ್ಡಿನ ಸಂಕಟ ತಾನೇ ಸವೆಯುತ್ತದೆ. ನೀವು ಮಾತ್ರ ರಾತ್ರಿ ರಾತ್ರಿ ಪುಟ ತೆಗೆದು ಅದಕ್ಕೆ ನೀರು ಹಾಕುತ್ತಿದ್ದೀರಿ.

ಇನ್ನೊಂದು, ಮೇಷ್ಟ್ರ ಚಟ, ನಿಮ್ಮ ಲೆಕ್ಕ ತಪ್ಪಿದೆ. ಕೂಡಿದ್ದು ಸರಿ, ಆದರೆ ಊಟದ 1 ಲಕ್ಷ 56 ಸಾವಿರ ಯಾಕೆ ಸೇರಿಸಿದಿರಿ? ಊರಲ್ಲಿದ್ದರೂ ಊಟ ಮಾಡುತ್ತಿದ್ದಿರಿ. ಪಿಎಸ್‌ಐ ಪರೀಕ್ಷೆ ಬರೆದು, ಮರುಪರೀಕ್ಷೆಗೆ ಕಾದ ಎರಡು ವರ್ಷ ಮೂರು ತಿಂಗಳನ್ನು ನಿಮ್ಮ ತಪ್ಪಿನ ಕಡೆ ಬರೆಯೋದೂ ನ್ಯಾಯವಲ್ಲ. ಹಾಗಂತ ಎಲ್ಲ ತೊಳೆದು ಹೋಯಿತು ಅನ್ನಲ್ಲ. ನಾಲ್ಕನೇ ವರ್ಷವೇ ಜೊತೆಗೊಂದು ಕೆಲಸ ಹಿಡಿಯಬಹುದಿತ್ತು, ಅದು ನಿಮಗೂ ಗೊತ್ತು. ಅಷ್ಟನ್ನು ಮಾತ್ರ ನಿಮ್ಮ ಹೆಸರಿಗೆ ಬರೆದುಕೊಳ್ಳಿ. ಎತ್ತಿನ ದುಡ್ಡು ಬೇರೆ, ಅದು ಸಂಕ್ ಕಾಸ್ಟ್ ಅಲ್ಲ, ಸಾಲ. ತಿಂಗಳಿಗೆ ಇಷ್ಟು ಅಂತ ಅಪ್ಪನಿಗೆ ಕೊಡಿ.

ಪಂಚಮಿ ಉಂಡಿ:

ಅಣ್ಣಾ, ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ನಮ್ಮಣ್ಣನೂ ಧಾರವಾಡದಲ್ಲಿ ಐದು ವರ್ಷ ಓದಿದ. ನಮ್ಮವ್ವ ವಾರಕ್ಕೆರಡು ಸಲ ಬುತ್ತಿ ಕಟ್ಟಿ ಬೆಳಗಿನ ಬಸ್ಸಿಗೆ ಇಡುತ್ತಿದ್ದಳು, ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ. ಖರ್ಚಿನ ಬಗ್ಗೆ ಮನೆಯಲ್ಲಿ ಒಬ್ಬರೂ ಒಂದು ದಿನವೂ ಮಾತಾಡಿಲ್ಲ. ನಮಗೆ ಸಿಟ್ಟು ಬಂದಿದ್ದು ಅವನು ಪಂಚಮಿಗೆ ಬರೋದು ಬಿಟ್ಟಾಗ. ಏನಾಯ್ತು, ಎಲ್ಲಿಗೆ ಬಂತು ಅಂತ ಜನ ಕೇಳ್ತಾರೆ ಅಂತ ನಾಚಿಕೆ ಅವನಿಗೆ. ಉಂಡಿಯನ್ನೂ ಬುತ್ತಿಯ ಜೊತೆ ಬಸ್ಸಿಗೇ ಇಟ್ಟು ಕಳಿಸಿದ್ವಿ. ಡಬ್ಬಿ ವಾಪಸ್ ಬರ್ತಿತ್ತು, ತೊಳೆದು ಇಟ್ಟಿರ್ತಿದ್ದ, ಅವನು ಬರ್ತಿರಲಿಲ್ಲ.

ನೀವು ಊರಿಗೆ ಹೋಗಿ ಎಷ್ಟು ದಿನ ಆಯ್ತು?

ಸಪ್ತಾಪುರದ ಹಳೇ ಗಿರಾಕಿ:

ಎಲ್ಲರಿಗೂ ತಡವಾಗಿ ಉತ್ತರ ಕೊಡುತ್ತಿದ್ದೇನೆ, ಕ್ಷಮಿಸಿ. ಅಕ್ಕಾರ, ನಿಮ್ಮ ಪ್ರಶ್ನೆಗೆ ಅವತ್ತೇ ಉತ್ತರ ಬರೆದು ಅಳಿಸಿದೆ. ಹನ್ನೊಂದು ತಿಂಗಳಾಗಿತ್ತು.

ಹೋಗಿ ಬಂದೆ. ಪೇಢಾ ತಗೊಂಡೇ ಹೋದೆ. ಎತ್ತಿನ ವಿಷಯ ತೆಗೆದರೆ ಅಪ್ಪ, "ಅವು ಮುದಿ ಆಗಿದ್ದುವಪಾ, ಹೆಂಗಿದ್ದರೂ ಮಾರಾವನ ಇದ್ದೆ" ಅಂದರು. ಸುಳ್ಳು. ಬಾಯಿಗೂಡದ ಎಳೇ ಹೋರಿಯಿಂದ ಸಾಕಿದ್ದು, ವಯಸ್ಸು ನನಗೆ ಗೊತ್ತು. ನಾನೂ ಹೂಂ ಅಂದೆ. ತಿಂಗಳಿಗೆ 3 ಸಾವಿರ ಕೊಡುತ್ತೇನೆ ಅಂದಿದ್ದಕ್ಕೆ ಬೇಡ ಅನ್ನಲಿಲ್ಲ, ಅದೇ ಒಂದು ಸಮಾಧಾನ.

ಕಳೆದ ಭಾನುವಾರ ಖೋಲಿ ಖಾಲಿ ಮಾಡಿದೆ. ಚೆನ್ನಾಗಿದ್ದ ಪುಸ್ತಕ ಓಣಿಯ ಹುಡುಗರಿಗೆ ಕೊಟ್ಟೆ. ಉಳಿದಿದ್ದು ರದ್ದಿಗೆ, 61 ಕೆಜಿ, ಕೆಜಿಗೆ 12ರಂತೆ 732 ರೂಪಾಯಿ. ತಕ್ಕಡಿಯ ಮೇಲೆ ನನ್ನ ಕೈಬರಹದ ನೋಟ್ಸು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಹೇಳಲ್ಲ. ಈಗಲೂ ಬಸ್ಸಿನಲ್ಲಿ ಯಾರಾದರೂ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದರೆ ಇಣುಕಿ ನೋಡುತ್ತೇನೆ, ಉತ್ತರ ಬಾಯಿಗೆ ಬರುತ್ತೆ. ಲೆಕ್ಕದ ಪುಟ ಇನ್ನೂ ಹರಿದಿಲ್ಲ. ಊಟದ ಸಾಲು ಮಾತ್ರ ಕಾಟು ಹಾಕಿದ್ದೇನೆ ಸರ್.

ಹಾನಗಲ್ಲ ಹುಡುಗ:

ಅಣ್ಣಾ, ಆ ಖೋಲಿ ಇನ್ನೂ ಖಾಲಿ ಇದೆಯಾ? ನನ್ನ ತಮ್ಮ ಜೂನ್‌ನಲ್ಲಿ ಕ್ಲಾಸಿಗೆ ಬರುವವನಿದ್ದಾನೆ. ರೀಡಿಂಗ್ ರೂಮು ಪಕ್ಕದ ಓಣಿಯಲ್ಲೇ ಅಂದಿರಲ್ಲ.

ಸಪ್ತಾಪುರದ ಹಳೇ ಗಿರಾಕಿ:

ಖಾಲಿ ಇದೆ. ಮಾಲಕರ ನಂಬರು ಮೆಸೇಜ್ ಮಾಡಿದ್ದೇನೆ. ನೀರು ಐದಾರು ದಿನಕ್ಕೊಮ್ಮೆ ಬರುತ್ತೆ, ಬ್ಯಾರಲ್ ಅಲ್ಲೇ ಬಿಟ್ಟು ಬಂದಿದ್ದೇನೆ, ಅವನೇ ಇಟ್ಟುಕೊಳ್ಳಲಿ. ನಕಾಶೆಯೂ ಗೋಡೆ ಮೇಲೇ ಇದೆ. ಎಷ್ಟು ವರ್ಷ ಅಂತ ಮನೆಯಲ್ಲಿ ಹೇಳಿದ್ದಾನೆ?